ಲೋಕಾಯುಕ್ತ ಗುಮಾಸ್ತನ್ನ ಹಿಡಿಯುತ್ತೆ, ದೊಡ್ಡವರನ್ನ ಯಾಕೆ ಹಿಡಿಯಲ್ಲ?

ಪ್ರಶ್ನೆ: ಸರ್, ಬೆಳಗ್ಗೆ ಎದ್ದು ಟೀವಿ ಹಾಕಿದ್ರೆ ಲೋಕಾಯುಕ್ತ ರೇಡ್, ಚಿನ್ನ, ನೋಟಿನ ಕಂತೆ. ಆದ್ರೆ ನಮ್ಮ ಕಡೆ ಲಂಚ ಒಂದು ರೂಪಾಯಿನೂ ಕಮ್ಮಿ ಆಗಿಲ್ಲ. ನಮ್ಮ ತಂದೆಯವರ ಮನೆ ಖಾತೆ ಬದಲಾವಣೆಗೆ 15 ಸಾವಿರ ಕೇಳ್ತಿದಾರೆ. ನಮ್ಮಂಥ ದೇಶಗಳಲ್ಲಿ ಈ ಭ್ರಷ್ಟಾಚಾರ ನಿಗ್ರಹ ಸಂಸ್ಥೆಗಳು ನಿಜವಾಗ್ಲೂ ಕೆಲಸ ಮಾಡ್ತಾವಾ ಇಲ್ಲ ಬರೀ ಶೋನಾ? ನಾನು ದೂರು ಕೊಟ್ರೆ ಏನಾದ್ರೂ ಪ್ರಯೋಜನ ಇದೆಯಾ? (ಹಾಸನ ಜಿಲ್ಲೆಯ ಒಬ್ಬ ಓದುಗರು)

ಉತ್ತರ: ನಿಮ್ಮ 15 ಸಾವಿರದ ಕೇಸಿಗೆ ಕೆಲಸ ಮಾಡತ್ತೆ, ಬಹುಮಟ್ಟಿಗೆ ಚೆನ್ನಾಗೇ ಮಾಡತ್ತೆ. ಆದ್ರೆ ಟೀವಿ ನೋಡ್ತಾ ನಿಮಗೆ ಯಾರ ಮೇಲೆ ಸಿಟ್ಟು ಬರತ್ತೋ ಆ ದೊಡ್ಡವರ ಕೇಸಿಗೆ ಅಪರೂಪಕ್ಕೆ ಮಾಡತ್ತೆ, ಮಾಡಿದ ತಕ್ಷಣ ಆ ಸಂಸ್ಥೆಗೇ ಏನೋ ಒಂದು ಆಗತ್ತೆ. ಇದು ನಮ್ಮ ರಾಜ್ಯದ ಕಥೆ ಮಾತ್ರ ಅಲ್ಲ, ಇಂಡೋನೇಷ್ಯಾದಲ್ಲೂ ಇದೇ, ನೈಜೀರಿಯಾದಲ್ಲೂ ಇದೇ. ಪಿಸಿ ಆಕ್ಟ್ ಅಂದ್ರೆ ಭ್ರಷ್ಟಾಚಾರ ತಡೆ ಕಾಯ್ದೆ ಕೇಸುಗಳಲ್ಲಿ ಎರಡೂ ಕಡೆ ನಿಂತು ವಾದ ಮಾಡಿರೋನು ನಾನು, ಆರೋಪಿಗಳ ಪರವಾಗಿಯೂ ವಕಾಲತ್ತು ಹಾಕಿದೀನಿ, ಹಾಗಾಗಿ ಸ್ವಲ್ಪ ಉದ್ದ ಆದ್ರೂ ಒಳಗಿನ ಲೆಕ್ಕಾಚಾರ ಹೇಳ್ತೀನಿ, ಕೇಳಿ.

ಮೊದಲು ಎಲ್ಲರೂ ಕೇಳೋ ಪ್ರಶ್ನೆ, ಯಾವಾಗ್ಲೂ ಗುಮಾಸ್ತ, ಗ್ರಾಮ ಲೆಕ್ಕಿಗ, ಎಫ್‌ಡಿಎ, ಜೂನಿಯರ್ ಎಂಜಿನಿಯರ್ ಇಂಥವರೇ ಯಾಕೆ ಸಿಕ್ಕಿಬೀಳ್ತಾರೆ ಅಂತ. ಧೈರ್ಯ ಇಲ್ಲ ಅಂತಾರೆ ಜನ. ಧೈರ್ಯ ಆಮೇಲಿನ ಮಾತು, ಕಾನೂನನ್ನೇ ಹಾಗೆ ಹೊಲಿದಿದಾರೆ. 2018ರಲ್ಲಿ ಭ್ರಷ್ಟಾಚಾರ ತಡೆ ಕಾಯ್ದೆಗೆ ತಿದ್ದುಪಡಿ ತಂದು 17ಎ ಅಂತ ಒಂದು ಕಲಂ ಸೇರಿಸಿದ್ರು. ಒಬ್ಬ ಅಧಿಕಾರಿ ಅಥವಾ ಮಂತ್ರಿ ತನ್ನ ಹುದ್ದೆಯಲ್ಲಿದ್ದು ತಗೊಂಡ ತೀರ್ಮಾನ, ಮಾಡಿದ ಶಿಫಾರಸು ಇದರ ಬಗ್ಗೆ ಆರೋಪ ಬಂದ್ರೆ, ತನಿಖೆ ಬಿಡಿ, ವಿಚಾರಣೆ ಶುರು ಮಾಡೋಕೂ ಮುಂಚೆನೇ ಸರ್ಕಾರದ ಅನುಮತಿ ಬೇಕು. ಆದ್ರೆ ಲಂಚ ತಗೊಳ್ತಿರುವಾಗಲೇ ಸ್ಥಳದಲ್ಲೇ ಹಿಡಿದ್ರೆ, ಇದಕ್ಕೇ ಟ್ರ್ಯಾಪ್ ಅನ್ನೋದು, ಈ ಅನುಮತಿ ಬೇಡ. ಈಗ ಯೋಚನೆ ಮಾಡಿ, ಕೈಗೆ ನೋಟು ತಗೊಳ್ಳೋನು ಯಾರು? ಗುಮಾಸ್ತ. ಫೈಲ್ ಮೇಲೆ ಒಂದು ಸಹಿ ಹಾಕಿ ನೂರು ಎಕರೆ ಡಿನೋಟಿಫೈ ಮಾಡೋನು, ಅಂದ್ರೆ ಸ್ವಾಧೀನಕ್ಕೆ ಗುರುತಿಸಿದ ಜಮೀನು ಕೈಬಿಡೋನು, ಟೇಬಲ್ ಮೇಲೆ ನೋಟು ಎಣಿಸ್ತಾ ಕೂರಲ್ಲ, ಅದು ಟ್ರಸ್ಟಿಗೆ ಡೊನೇಷನ್ ಆಗಿ ಹೋಗತ್ತೆ, ಅಳಿಯನ ಕಂಪನಿಗೆ ಶೇರು ಆಗಿ ಹೋಗತ್ತೆ, ಮೈದುನನ ಹೆಸರಲ್ಲಿ ಸೈಟ್ ಆಗತ್ತೆ. ಟ್ರ್ಯಾಪ್ ಮಾಡೋ ತನಿಖಾಧಿಕಾರಿಗೆ ಯಾರ ಸಹಿನೂ ಬೇಡ, ವಾರದಲ್ಲಿ ಎರಡು ಮಾಡಬಹುದು, ಫೋಟೋ ಬರತ್ತೆ. ಡಿನೋಟಿಫಿಕೇಷನ್ ಹಿಂದೆ ಬಿದ್ದೋನಿಗೆ ಮೊದಲು ಅನುಮತಿ ಬೇಕು, ಆಮೇಲೆ ವರ್ಷಗಟ್ಟಲೆ ದಾಖಲೆ ಹುಡುಕಾಟ, ಆಮೇಲೆ ಚಾರ್ಜ್‌ಶೀಟ್ ಹೊತ್ತಿಗೆ ಸೆಕ್ಷನ್ 19ರಲ್ಲಿ ಮತ್ತೊಂದು ಸ್ಯಾಂಕ್ಷನ್ ಬೇಕು. ಎರಡು ಸಲ ಅದೇ ಸರ್ಕಾರದ ಬಾಗಿಲಿಗೆ ಹೋಗಿ ನಿಲ್ಲಬೇಕು.

ಹಾಗಂತ ದೊಡ್ಡವರು ಟ್ರ್ಯಾಪಲ್ಲಿ ಬೀಳೋದೇ ಇಲ್ಲ ಅಂತಲ್ಲ. 2023ರ ಮಾರ್ಚಲ್ಲಿ, ವಿಧಾನಸಭಾ ಚುನಾವಣೆಗೆ ಎರಡು ತಿಂಗಳು ಇದ್ದಾಗ, ಆಗ ಆಳ್ತಿದ್ದ ಪಕ್ಷದ್ದೇ ಶಾಸಕರ ಮಗನನ್ನ ಸೋಪು ಕಾರ್ಖಾನೆ ಅಂದ್ರೆ ಕೆಎಸ್‌ಡಿಎಲ್ ಟೆಂಡರ್ ವಿಷಯದಲ್ಲಿ 40 ಲಕ್ಷ ತಗೊಂಡ ಆರೋಪದಲ್ಲಿ ಲೋಕಾಯುಕ್ತ ಪೊಲೀಸರು ಹಿಡಿದ್ರು. ಆದ್ರೆ ಅಲ್ಲೂ ಗಮನಿಸಿ, ಕ್ಯಾಶ್ ಕೈಗೆ ಬಂದಿದ್ದಕ್ಕೇ ಆಗಿದ್ದು.

ನಮ್ಮ ಲೋಕಾಯುಕ್ತದ ಇತಿಹಾಸ ನೋಡಿದ್ರೆ ಇಡೀ ಪಾಠ ಅಲ್ಲೇ ಇದೆ. 1984ರಲ್ಲಿ ರಾಮಕೃಷ್ಣ ಹೆಗಡೆ ಸರ್ಕಾರ ಕಾಯ್ದೆ ತಂತು, 1986ರಿಂದ ಸಂಸ್ಥೆ ಕೆಲಸ ಶುರು ಮಾಡ್ತು. ಮೊದಲ ಹದಿನೈದು ವರ್ಷ ಅದು ಇದೆ ಅಂತ ಎಷ್ಟು ಜನಕ್ಕೆ ಗೊತ್ತಿತ್ತು ಹೇಳಿ. 2001ರಲ್ಲಿ ನ್ಯಾಯಮೂರ್ತಿ ವೆಂಕಟಾಚಲ ಲೋಕಾಯುಕ್ತರಾಗಿ ಬಂದ ಮೇಲೆ ಅವರು ಆಸ್ಪತ್ರೆ, ತಾಲ್ಲೂಕು ಕಚೇರಿ, ಆರ್‌ಟಿಒ ಅಂತ ನುಗ್ಗಿ ಕ್ಯಾಮೆರಾ ಎದುರಿಗೇ ಬೈಯೋಕೆ ಶುರು ಮಾಡಿದ್ರು, ಹಳ್ಳಿ ಹಳ್ಳಿಗೂ ಹೆಸರು ಮುಟ್ಟಿತು. ಆಮೇಲೆ 2006ರಲ್ಲಿ ಸಂತೋಷ್ ಹೆಗ್ಡೆ ಬಂದ್ರು, ಬಳ್ಳಾರಿ ಗಣಿ ತನಿಖೆ. ಅರಣ್ಯ ಇಲಾಖೆ ಅಧಿಕಾರಿ ಯು.ವಿ. ಸಿಂಗ್ ಅವರ ತಂಡ ಪರ್ಮಿಟ್ಟು, ರೈಲ್ವೆ ಲೆಕ್ಕ, ಬಂದರಿನ ಲೆಕ್ಕ, ಬ್ಯಾಂಕ್ ಲೆಕ್ಕ ಎಲ್ಲ ಒಂದಕ್ಕೊಂದು ತಾಳೆ ಹಾಕಿ ನೋಡಿ, 2011ರ ಜುಲೈ 27ಕ್ಕೆ ಎರಡನೇ ವರದಿ ಕೊಟ್ರು, ರಾಜ್ಯಕ್ಕೆ ಹದಿನಾರು ಸಾವಿರ ಕೋಟಿ ರೂಪಾಯಿ ನಷ್ಟ ಅಂತ ಲೆಕ್ಕ ಹಾಕಿದ್ರು. ಜುಲೈ 31ಕ್ಕೆ ಮುಖ್ಯಮಂತ್ರಿ ಯಡಿಯೂರಪ್ಪ ರಾಜೀನಾಮೆ ಕೊಟ್ರು. ನಾಲ್ಕೇ ದಿನ.

ಇದನ್ನ ಎಲ್ಲರೂ ಲೋಕಾಯುಕ್ತದ ದೊಡ್ಡ ಗೆಲುವು ಅಂತಾರೆ, ಹೌದು, ಒಪ್ತೀನಿ. ಆದ್ರೆ ನನಗೆ ಕಾಣೋದು ಬೇರೆ. ಲೋಕಾಯುಕ್ತ ವರದಿ ಅನ್ನೋದು ಕಾನೂನಿನ ಪ್ರಕಾರ ಬರೀ ಶಿಫಾರಸು, ಸರ್ಕಾರ ಅದನ್ನ ಬೀರುವಲ್ಲಿ ಇಡಬಹುದು, 2008ರಲ್ಲಿ ಕೊಟ್ಟ ಮೊದಲ ಗಣಿ ವರದಿಗೆ ಹೆಚ್ಚುಕಮ್ಮಿ ಅದೇ ಗತಿ ಆಯ್ತು. ಎರಡನೇದಕ್ಕೆ ಬಲ ಬಂದಿದ್ದು ಯಾಕೆ ಅಂದ್ರೆ ಅಷ್ಟೊತ್ತಿಗೆ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯದವರು ಸುಪ್ರೀಂ ಕೋರ್ಟಲ್ಲಿ ಕೇಸ್ ಹಾಕಿ ಕೂತಿದ್ರು. ಕೋರ್ಟು ಗಣಿಗಾರಿಕೆ ನಿಲ್ಲಿಸ್ತು, ಗಣಿಗಳನ್ನ ಎ, ಬಿ, ಸಿ ಅಂತ ವಿಂಗಡಿಸಿ 2013ರ ಏಪ್ರಿಲ್ ತೀರ್ಪಲ್ಲಿ ಅಕ್ರಮ ಅತಿ ಹೆಚ್ಚಿದ್ದ ಸಿ ವರ್ಗದ ಲೀಸ್ ರದ್ದು ಮಾಡ್ತು. ಅಂದ್ರೆ ಸಂಸ್ಥೆ ಸತ್ಯ ಹುಡುಕಿಕೊಡ್ತು, ಹಲ್ಲು ಬೇರೆ ಕಡೆಯಿಂದ ಬಂತು. ಕ್ರಿಮಿನಲ್ ಕೇಸುಗಳ ಕಡೆ ನೋಡಿದ್ರೆ? ವರದಿಯಲ್ಲಿ ಯಡಿಯೂರಪ್ಪ ಅವರ ಬಗ್ಗೆ ಇದ್ದ ಭಾಗವನ್ನ ಹೈಕೋರ್ಟು 2012ರ ಮಾರ್ಚಲ್ಲೇ ರದ್ದು ಮಾಡ್ತು, ಆಮೇಲೆ ಸುಪ್ರೀಂ ಕೋರ್ಟ್ ಹೇಳಿ ನಡೆದ ಸಿಬಿಐ ಕೇಸಲ್ಲಿ 2016ರಲ್ಲಿ ಖುಲಾಸೆ ಆಯ್ತು. ಬೇಲೆಕೇರಿ ಬಂದರಿಂದ ಜಪ್ತಿ ಮಾಡಿದ್ದ ಅದಿರೇ ಮಾಯ ಆಗಿದ್ದು 2010ರಲ್ಲಿ, ಕಾರವಾರದ ಶಾಸಕರಿಗೆ ವಿಚಾರಣಾ ಕೋರ್ಟಲ್ಲಿ ಶಿಕ್ಷೆ ಆಗಿದ್ದು 2024ರ ಅಕ್ಟೋಬರಲ್ಲಿ, ಮುಂದಿನ ತಿಂಗಳೇ ಹೈಕೋರ್ಟು ಆ ಶಿಕ್ಷೆ ಅಮಾನತಲ್ಲಿಡ್ತು. ಹದಿನಾಲ್ಕು ವರ್ಷಕ್ಕೆ ಮೊದಲ ಮೆಟ್ಟಿಲು.

ಸರಿ, ಇಷ್ಟು ದೊಡ್ಡ ಕೆಲಸ ಮಾಡಿದ ಸಂಸ್ಥೆಗೆ ಆಮೇಲೆ ಏನಾಯ್ತು ನೋಡಿ. ಹೆಗ್ಡೆ ಅವರ ನಂತರ ಬಂದ ಲೋಕಾಯುಕ್ತರು ಸೈಟ್ ವಿವಾದದಲ್ಲಿ 2011ರ ಸೆಪ್ಟೆಂಬರಲ್ಲೇ ರಾಜೀನಾಮೆ ಕೊಟ್ರು. ಕುರ್ಚಿ ಖಾಲಿ. 2013ರ ಫೆಬ್ರವರಿವರೆಗೂ ಖಾಲಿ. ಯಾರನ್ನ ಕೂರಿಸಬೇಕು, ಮುಖ್ಯ ನ್ಯಾಯಮೂರ್ತಿ ಮಾತು ನಡೀಬೇಕಾ ಮುಖ್ಯಮಂತ್ರಿ ಮಾತಾ ಅಂತ ಸುಪ್ರೀಂ ಕೋರ್ಟ್‌ವರೆಗೂ ಜಗಳ. ಆಮೇಲೆ ನ್ಯಾಯಮೂರ್ತಿ ಭಾಸ್ಕರ ರಾವ್ ಬಂದ್ರು, 2015ರಲ್ಲಿ ಲೋಕಾಯುಕ್ತ ಕಚೇರಿ ಹೆಸರಲ್ಲೇ ಅಧಿಕಾರಿಗಳಿಂದ ವಸೂಲಿ ದಂಧೆ ನಡೀತಿದೆ ಅನ್ನೋ ಆರೋಪದಲ್ಲಿ ಅವರ ಮಗನ ಬಂಧನ ಆಯ್ತು, ಬೇಲಿನೇ ಎದ್ದು ಹೊಲ ಮೇಯ್ದ ಹಾಗೆ. ಡಿಸೆಂಬರಲ್ಲಿ ಅವರು ರಾಜೀನಾಮೆ, ಮತ್ತೆ 2017ರ ಜನವರಿವರೆಗೆ ಕುರ್ಚಿ ಖಾಲಿ. ಆ ಖಾಲಿ ಕಾಲದಲ್ಲೇ, 2016ರ ಮಾರ್ಚ್ 14ಕ್ಕೆ, ಸಿದ್ದರಾಮಯ್ಯ ಸರ್ಕಾರ ಒಂದು ಆದೇಶ ಹೊರಡಿಸಿ ಎಸಿಬಿ ಅಂದ್ರೆ ಭ್ರಷ್ಟಾಚಾರ ನಿಗ್ರಹ ದಳ ಹುಟ್ಟಿಸ್ತು, ಲೋಕಾಯುಕ್ತ ಪೊಲೀಸರಿಗಿದ್ದ ಪಿಸಿ ಆಕ್ಟ್ ಅಧಿಕಾರ ಪೂರ್ತಿ ಅಲ್ಲಿಗೆ ಹೋಯ್ತು. ಎಸಿಬಿ ಯಾರ ಕೆಳಗೆ? ಮುಖ್ಯಮಂತ್ರಿ ಕೈಯಲ್ಲಿರೋ ಡಿಪಿಎಆರ್, ಅಂದ್ರೆ ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆ ಕೆಳಗೆ. ವಿರೋಧ ಪಕ್ಷದಲ್ಲಿದ್ದ ಬಿಜೆಪಿಯವರು ಬಂದ್ರೆ ರದ್ದು ಮಾಡ್ತೀವಿ ಅಂದ್ರು, ಬಂದ್ರು, ಮಾಡ್ಲಿಲ್ಲ. ಕೊನೆಗೆ ರದ್ದು ಮಾಡಿದ್ದು 2022ರ ಆಗಸ್ಟ್ 11ಕ್ಕೆ ಹೈಕೋರ್ಟು, ಅಧಿಕಾರ ಮತ್ತೆ ಲೋಕಾಯುಕ್ತ ಪೊಲೀಸರಿಗೇ ಬಂತು. ಅದಕ್ಕೆ ಸ್ವಲ್ಪ ಮುಂಚೆ ಒಬ್ಬ ಹೈಕೋರ್ಟ್ ನ್ಯಾಯಮೂರ್ತಿಗಳು ಓಪನ್ ಕೋರ್ಟಲ್ಲೇ ಎಸಿಬಿ ಕಲೆಕ್ಷನ್ ಸೆಂಟರ್ ಆಗಿದೆ ಅಂದಿದ್ರು, ಪೇಪರಲ್ಲಿ ಓದಿರ್ತೀರಿ.

ಇಲ್ಲಿ ಪಕ್ಷ ನೋಡಬೇಡಿ. ಇಬ್ಬರೂ ಒಂದೇ ಕೆಲಸ ಮಾಡಿದಾರೆ. ಯಾವ ಸರ್ಕಾರನೂ ಭ್ರಷ್ಟಾಚಾರ ನಿಗ್ರಹ ಸಂಸ್ಥೆಗೆ ನೇರವಾಗಿ ಬೀಗ ಹಾಕಲ್ಲ, ಜನ ಬೈತಾರೆ, ಅದಕ್ಕೆ ಕುರ್ಚಿ ಖಾಲಿ ಬಿಡ್ತಾರೆ, ಇನ್ನೊಂದು ಸಂಸ್ಥೆ ಹುಟ್ಟಿಸಿ ಅಧಿಕಾರ ಹಂಚ್ತಾರೆ, ಒಳ್ಳೆ ಅಧಿಕಾರಿನ ಟ್ರಾನ್ಸ್‌ಫರ್ ಮಾಡ್ತಾರೆ. ಕೇಂದ್ರದ ಲೋಕಪಾಲ್ ನೋಡಿ, ಅಷ್ಟು ದೊಡ್ಡ ಚಳವಳಿ ಆಗಿ 2013ರಲ್ಲಿ ಕಾಯ್ದೆ ಪಾಸ್ ಆಯ್ತು, ಮೊದಲ ಲೋಕಪಾಲರು ಬಂದಿದ್ದು 2019ರಲ್ಲಿ.

ಬೇರೆ ದೇಶ ಕೇಳಿದ್ರಲ್ಲ. ನನ್ನ ಪ್ರಕಾರ ನಮ್ಮಂಥ ದೇಶಗಳಲ್ಲಿ ಅತಿ ಚೆನ್ನಾಗಿ ಕೆಲಸ ಮಾಡಿದ ಸಂಸ್ಥೆ ಇಂಡೋನೇಷ್ಯಾದ ಕೆಪಿಕೆ, ಅದಕ್ಕೇ ಅದರ ಕಥೆ ಓದಿದ್ರೆ ಹೊಟ್ಟೆ ಉರಿಯತ್ತೆ. ಸರ್ವಾಧಿಕಾರಿ ಸುಹಾರ್ತೊ ಬಿದ್ದ ಮೇಲೆ 2002ರಲ್ಲಿ ಕಾನೂನು ಮಾಡಿದ್ರು, 2003ರ ಕೊನೆಗೆ ಶುರು. ಅದಕ್ಕೆ ಕೊಟ್ಟ ಅಧಿಕಾರ ನಮ್ಮ ತನಿಖಾಧಿಕಾರಿಗಳು ಕನಸಲ್ಲೂ ನೋಡಿಲ್ಲ: ಕೋರ್ಟ್ ಅನುಮತಿ ಇಲ್ಲದೆ ಫೋನ್ ಟ್ಯಾಪ್ ಮಾಡಬಹುದು, ತನಿಖೆನೂ ತಾನೇ ಪ್ರಾಸಿಕ್ಯೂಷನ್ನೂ ತಾನೇ, ಕೇಸುಗಳಿಗೆ ಬೇರೆ ವಿಶೇಷ ಕೋರ್ಟು. ಇನ್ನೊಂದು ಮಜಾ ಏನಂದ್ರೆ ಒಮ್ಮೆ ತನಿಖೆ ಶುರು ಮಾಡಿದ ಕೇಸನ್ನ ಅರ್ಧಕ್ಕೆ ಕೈಬಿಡೋ ಅಧಿಕಾರ ಅದಕ್ಕೆ ಇರಲಿಲ್ಲ, ಹಾಗಾಗಿ ಕೇಸ್ ಕೈಬಿಡಿ ಅಂತ ದುಡ್ಡು ಕೊಡೋಕೂ ಅರ್ಥ ಇರಲಿಲ್ಲ. ನಮ್ಮಲ್ಲಿ ಸಾಕ್ಷಿ ಇಲ್ಲ ಅಂತ ಕೇಸ್ ಮುಚ್ಚೋಕೆ ಬಿ ರಿಪೋರ್ಟ್ ಹಾಕ್ತಾರಲ್ಲ, ಆ ದಾರಿನೇ ಮುಚ್ಚಿತ್ತು ಅಂದ್ಕೊಳ್ಳಿ. ಸಂವಿಧಾನ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಅಕೀಲ್ ಮೊಖ್ತಾರ್‌ನ 2013ರಲ್ಲಿ ಮನೆಯಲ್ಲೇ ಹಿಡಿದ್ರು, ಜೀವಾವಧಿ ಆಯ್ತು. ಸಂಸತ್ತಿನ ಸ್ಪೀಕರ್ ಸೆತ್ಯ ನೊವಾಂತೊ, ನಮ್ಮ ಆಧಾರ್ ಥರದ ಐಡಿ ಕಾರ್ಡ್ ಯೋಜನೆಯಲ್ಲಿ ಹಣ ಹೊಡೆದ ಕೇಸು, 2018ರಲ್ಲಿ 15 ವರ್ಷ ಜೈಲು.

ಪೊಲೀಸರು ಸುಮ್ಮನಿರ್ತಾರಾ? 2009ರಲ್ಲಿ ಒಬ್ಬ ಹಿರಿಯ ಪೊಲೀಸ್ ಅಧಿಕಾರಿ, ಹಲ್ಲಿ ಮೊಸಳೆ ಜೊತೆ ಗುದ್ದಾಡೋಕೆ ಬಂದಿದೆ ಅಂತ ಕೆಪಿಕೆನ ಆಡಿಕೊಂಡ. ಕೆಪಿಕೆಯ ಇಬ್ಬರು ಕಮಿಷನರ್‌ಗಳನ್ನ ಪೊಲೀಸರೇ ಬಂಧಿಸಿದ್ರು. ಆಮೇಲೆ ಅವರ ವಿರುದ್ಧ ಪಿತೂರಿ ಮಾಡಿದ ಫೋನ್ ರೆಕಾರ್ಡಿಂಗನ್ನ ಸಂವಿಧಾನ ಕೋರ್ಟಲ್ಲೇ ಪ್ಲೇ ಮಾಡಿದ್ರು, ಇಡೀ ದೇಶ ಕೇಳ್ತು, ಜನ ಹಲ್ಲಿ ಚಿತ್ರ ಹಿಡ್ಕೊಂಡು ಬೀದಿಗೆ ಬಂದ್ರು, ಕಮಿಷನರ್‌ಗಳು ಹೊರಗೆ ಬಂದ್ರು. 2012ರಲ್ಲಿ ಕಟ್ಟಡಕ್ಕೆ ಸಂಸತ್ತು ದುಡ್ಡು ಕೊಡದೇ ಇದ್ದಾಗ ಜನ ಚಿಲ್ಲರೆ ಕಾಸು ಒಟ್ಟು ಮಾಡಿ ಕೊಟ್ರು. ಅದೇ ವರ್ಷ ಪೊಲೀಸ್ ಜನರಲ್ ಒಬ್ಬನ ಮೇಲೆ ಕೇಸ್ ಹಾಕಿದ್ದಕ್ಕೆ ಪೊಲೀಸ್ ಇಲಾಖೆ ಡೆಪ್ಯುಟೇಶನ್ ಮೇಲೆ ಕೊಟ್ಟಿದ್ದ ತನ್ನ ತನಿಖಾಧಿಕಾರಿಗಳನ್ನ ವಾಪಸ್ ಕರೆಸ್ಕೊಂಡ್ತು. 2017ರಲ್ಲಿ ಬೆಳಗಿನ ನಮಾಜು ಮುಗಿಸಿ ಬರ್ತಿದ್ದ ತನಿಖಾಧಿಕಾರಿ ನೊವೆಲ್ ಬಸ್ವೆದಾನ್ ಮುಖಕ್ಕೆ ಆಸಿಡ್ ಎರಚಿದ್ರು, ಒಂದು ಕಣ್ಣು ಹೋಯ್ತು.

ಆಸಿಡ್ಡಿಗೆ ಸಾಯದ ಸಂಸ್ಥೆನ ಸಾಯಿಸಿದ್ದು ಒಂದು ತಿದ್ದುಪಡಿ. 2019ರ ಸೆಪ್ಟೆಂಬರಲ್ಲಿ, ವಿದ್ಯಾರ್ಥಿಗಳು ಬೀದಿಯಲ್ಲಿ ಕೂಗ್ತಿದ್ದಂಗೇ, ಕಾನೂನು ತಿದ್ದಿದ್ರು: ಟ್ಯಾಪಿಂಗಿಗೆ ಒಂದು ಮೇಲ್ವಿಚಾರಣಾ ಮಂಡಳಿ ಅನುಮತಿ ಬೇಕು ಅಂತಾಯ್ತು, ಸಿಬ್ಬಂದಿ ಎಲ್ಲ ಸರ್ಕಾರಿ ನೌಕರರಾಗಬೇಕು, ಕೇಸ್ ಕೈಬಿಡೋ ಅಧಿಕಾರನೂ ಸಿಕ್ತು. ಸರ್ಕಾರಿ ನೌಕರರಾಗೋಕೆ ದೇಶಭಕ್ತಿ ಥರದ ಒಂದು ಪರೀಕ್ಷೆ ಇಟ್ರು, ನೊವೆಲ್ ಸೇರಿ 75 ಜನ ಫೇಲು, 2021ರ ಸೆಪ್ಟೆಂಬರ್ ಕೊನೆಗೆ 57 ಜನ ಮನೆಗೆ. ಕಣ್ಣು ಕಳ್ಕೊಂಡೋನು ದೇಶಭಕ್ತಿಯಲ್ಲಿ ಫೇಲು, ನೋಡಿ ಸ್ವಾಮಿ. 2019ರಲ್ಲಿ ಅಧ್ಯಕ್ಷ ಆಗಿ ಬಂದ ಪೊಲೀಸ್ ಜನರಲ್ ಫಿರ್ಲಿ ಬಹೂರಿ ಮೇಲೇ 2023ರಲ್ಲಿ ಸುಲಿಗೆ ಆರೋಪ, ಕೆಪಿಕೆ ತನಿಖೆ ಮಾಡ್ತಿದ್ದ ಮಂತ್ರಿಯಿಂದಲೇ ದುಡ್ಡು ವಸೂಲಿ ಮಾಡಿದ ಅಂತ. ಟ್ರಾನ್ಸ್‌ಪರೆನ್ಸಿ ಇಂಟರ್‌ನ್ಯಾಷನಲ್ ಸೂಚ್ಯಂಕದಲ್ಲಿ ಇಂಡೋನೇಷ್ಯಾ 2019ರಲ್ಲಿ 100ಕ್ಕೆ 40 ಇದ್ದಿದ್ದು 2022ಕ್ಕೆ 34ಕ್ಕೆ ಇಳೀತು. ಆ ಸೂಚ್ಯಂಕ ತಜ್ಞರ, ಉದ್ಯಮದವರ ಅಭಿಪ್ರಾಯದ ಅಳತೆ ಅಷ್ಟೆ, ನಾನದನ್ನ ತುಂಬ ನಂಬಲ್ಲ, ಆದ್ರೂ ಇಳಿದ ದಿಕ್ಕು ಮಾತ್ರ ಸುಳ್ಳಲ್ಲ.

ನೈಜೀರಿಯಾದ್ದು ಬೇಗ ಹೇಳ್ತೀನಿ. ಅಲ್ಲಿನ ಆರ್ಥಿಕ ಅಪರಾಧ ತನಿಖಾ ಸಂಸ್ಥೆ ಇಎಫ್‌ಸಿಸಿಗೆ 2003ರಲ್ಲಿ ನುಹು ರಿಬಾಡು ಅನ್ನೋ ಪೊಲೀಸ್ ಅಧಿಕಾರಿ ಮುಖ್ಯಸ್ಥ ಆದ, ದೇಶದ ಪೊಲೀಸ್ ಮುಖ್ಯಸ್ಥನನ್ನೇ ಜೈಲಿಗೆ ಹಾಕಿಸಿದ. ಡೆಲ್ಟಾ ರಾಜ್ಯದ ಗವರ್ನರ್ ಆಗಿದ್ದ ಜೇಮ್ಸ್ ಇಬೋರಿ ಕೇಸ್ ಬಿಡು ಅಂತ ಒಂದೂವರೆ ಕೋಟಿ ಡಾಲರ್ ಕ್ಯಾಶ್ ಕಳಿಸಿದ್ನಂತೆ, ರಿಬಾಡು ಅದನ್ನ ತಗೊಂಡೋಗಿ ಸೆಂಟ್ರಲ್ ಬ್ಯಾಂಕಲ್ಲಿ ಸಾಕ್ಷಿ ಅಂತ ಇಟ್ಟ. 2007ರ ಡಿಸೆಂಬರಲ್ಲಿ ಇಬೋರಿ ಅರೆಸ್ಟು, ಅದೇ ತಿಂಗಳು ರಿಬಾಡುಗೆ ಒಂದು ವರ್ಷದ ಟ್ರೇನಿಂಗ್ ಕೋರ್ಸಿಗೆ ಹೋಗು ಅಂತ ಆರ್ಡರು. ಟ್ರೇನಿಂಗಿಗೆ! 2009ರಲ್ಲಿ ಅಲ್ಲಿನ ಕೋರ್ಟು ಇಬೋರಿ ಮೇಲಿನ 170 ಆರೋಪಗಳನ್ನೂ ತಳ್ಳಿಹಾಕ್ತು. ಅದೇ ಮನುಷ್ಯ 2012ರಲ್ಲಿ ಲಂಡನ್ ಕೋರ್ಟಲ್ಲಿ ತಾನೇ ತಪ್ಪೊಪ್ಪಿಕೊಂಡು 13 ವರ್ಷ ಶಿಕ್ಷೆ ತಗೊಂಡ. ಮನುಷ್ಯ ಒಬ್ಬನೇ, ಕೋರ್ಟ್ ಬೇರೆ ಅಷ್ಟೆ. ಹಾಗಾಗಿ ಏಜೆನ್ಸಿ ಹೇಗಿದೆ ಅಂತ ಕೇಳೋವಾಗ ಅದರ ಮುಂದೆ ಇರೋ ಕೋರ್ಟು ಹೇಗಿದೆ ಅಂತನೂ ಕೇಳಬೇಕು. ದಕ್ಷಿಣ ಆಫ್ರಿಕಾದಲ್ಲೂ ಸ್ಕಾರ್ಪಿಯನ್ಸ್ ಅಂತ ಒಂದು ಒಳ್ಳೆ ತಂಡ ಇತ್ತು, ಆಳೋ ಪಕ್ಷದ ದೊಡ್ಡವರ ಬುಡಕ್ಕೆ ಬಂದ ಮೇಲೆ 2009ರಲ್ಲಿ ವಿಸರ್ಜನೆ.

ಈ ಚರ್ಚೆಯಲ್ಲಿ ಯಾವಾಗ್ಲೂ ಒಬ್ಬರು ಹಾಂಗ್‌ಕಾಂಗ್ ನೋಡಿ ಅಂತಾರೆ. 1974ರಲ್ಲಿ ಅಲ್ಲಿನ ಭ್ರಷ್ಟಾಚಾರ ನಿಗ್ರಹ ಆಯೋಗ ಐಸಿಎಸಿ ಶುರು ಆದಾಗ ಅಲ್ಲಿ ಆಂಬುಲೆನ್ಸಿನವನಿಗೂ ಟೀ ಕಾಸು ಕೊಡಬೇಕಿತ್ತು, ಆಮೇಲೆ ನಿಜವಾಗಿಯೂ ಕ್ಲೀನ್ ಆಯ್ತು. ಆದ್ರೆ ಜನ ಮರೆಯೋದು ಎರಡು ವಿಷಯ. ಒಂದು, 1977ರಲ್ಲಿ ಪೊಲೀಸರು ದಂಗೆ ಎದ್ದು ಐಸಿಎಸಿ ಕಚೇರಿಗೇ ನುಗ್ಗಿದಾಗ ಗವರ್ನರ್ ಸ್ವಲ್ಪ ಬಗ್ಗಿದ, ಆ ವರ್ಷಕ್ಕಿಂತ ಹಿಂದಿನ ಹೆಚ್ಚಿನ ಹಳೇ ಪಾಪ ಎಲ್ಲ ಮಾಫಿ ಅಂದ. ನಮ್ಮಲ್ಲಿ ಹಾಗೆ ಅಂದ್ರೆ ಬೆಂಕಿ ಬೀಳತ್ತೆ, ಆದ್ರೆ ಅದರಿಂದಲೇ ಸಂಸ್ಥೆ ಉಳೀತು ಅಂತ ನನ್ನ ಅಭಿಪ್ರಾಯ, ಹಳೇದೆಲ್ಲ ಕೆದಕ್ತಾ ಕೂತಿದ್ರೆ ಇಡೀ ಪೊಲೀಸ್ ಇಲಾಖೆನೇ ಅದರ ವೈರಿ ಆಗಿರ್ತಿತ್ತು. ಎರಡು, ಐಸಿಎಸಿಯಲ್ಲಿ ಹಿಡಿಯೋ ವಿಭಾಗದ ಜೊತೆ ಇನ್ನೂ ಎರಡು ವಿಭಾಗ ಇದಾವೆ. ಒಂದು ಜನರ ನಡುವೆ ಕೆಲಸ ಮಾಡತ್ತೆ, ಇನ್ನೊಂದರ ಕೆಲಸನೇ ಇಲಾಖೆಗಳಿಗೆ ಹೋಗಿ ಈ ಫಾರಂ ಯಾಕೆ, ಈ ಸಹಿ ಯಾಕೆ, ಈ ಫೈಲ್ ಇಲ್ಲಿ ಎರಡು ವಾರ ಯಾಕೆ ಕೂರತ್ತೆ ಅಂತ ಕೇಳಿ ಲಂಚ ಹುಟ್ಟೋ ಜಾಗ ಮುಚ್ಚಿಸೋದು.

ನಮ್ಮಲ್ಲಿ ಇಲ್ಲದೇ ಇರೋದು ಅದೇ. ನಿಮ್ಮೂರಲ್ಲಿ ಲಂಚ ಕಮ್ಮಿ ಆಗಿಲ್ಲ ಅಂದ್ರಲ್ಲ, ರೇಡಿನಿಂದ ಅದು ಕಮ್ಮಿ ಆಗೋದೂ ಇಲ್ಲ. ಪಹಣಿನ ಕಂಪ್ಯೂಟರಿಗೆ ಹಾಕಿದ ಭೂಮಿ ಯೋಜನೆ ಬಂದ ಮೇಲೆ ಪಹಣಿಗೆ ಗ್ರಾಮ ಲೆಕ್ಕಿಗನ ಹಿಂದೆ ಅಲೆಯೋದು ತಪ್ಪಿತು, ಅದು ಯಾವ ಟ್ರ್ಯಾಪಿಂದಲೂ ಆಗಿದ್ದಲ್ಲ. ಮ್ಯುಟೇಶನ್, ಪೋಡಿ, ಸರ್ವೆ, ಖಾತೆ ಎಲ್ಲಿ ಒಬ್ಬ ಮನುಷ್ಯ ಇವತ್ತು ಮಾಡ್ಲಾ ನಾಳೆ ಮಾಡ್ಲಾ ಅಂತ ತೀರ್ಮಾನ ಮಾಡೋಕೆ ಜಾಗ ಇದೆಯೋ ಅಲ್ಲಿಗೆ ಲಂಚ ಶಿಫ್ಟ್ ಆಯ್ತು ಅಷ್ಟೆ. ಸಕಾಲ ಕಾಯ್ದೆ ಬಂತು, ಪ್ರತಿ ಕೆಲಸಕ್ಕೂ ಇಷ್ಟು ದಿನ ಅಂತ ಗಡುವು ಬಂತು, ಗಡುವಿನ ಹಿಂದಿನ ದಿನ ದಾಖಲೆ ಸರಿ ಇಲ್ಲ ಅಂತ ಅರ್ಜಿ ತಿರಸ್ಕಾರ ಮಾಡೋದು ಕಲ್ತರು.

ರೇಡ್ ಸುದ್ದಿ ನೋಡೋವಾಗ ನಾನು ಏನು ನೋಡ್ತೀನಿ ಹೇಳ್ತೀನಿ. ಎಷ್ಟು ಕೆಜಿ ಚಿನ್ನ ಅನ್ನೋದು ನೋಡಲ್ಲ, ಅದರಲ್ಲಿ ಅವರಮ್ಮನದೂ ಇರತ್ತೆ, ಹೆಂಡತಿ ತವರಿನದೂ ಇರತ್ತೆ, ಕೋರ್ಟಲ್ಲಿ ಅರ್ಧ ಕಳಚ್ಕೊಳತ್ತೆ, ನಾನೇ ಕಳಚಿಸಿದೀನಿ. ಆರು ತಿಂಗಳಾದ ಮೇಲೆ ಆ ಅಧಿಕಾರಿ ಎಲ್ಲಿದಾನೆ ಅಂತ ನೋಡ್ತೀನಿ. ಸಸ್ಪೆನ್ಷನ್ ತೆರವಾಗಿ ಮತ್ತೆ ಆಯಕಟ್ಟಿನ ಜಾಗಕ್ಕೆ ಬಂದಿದ್ರೆ ಆ ಕೇಸಿನ ಹಣೆಬರಹ ಗೊತ್ತಾಯ್ತು ಅಂತ ಲೆಕ್ಕ. ತನಿಖೆ ಮಾಡಿದ ಇನ್‌ಸ್ಪೆಕ್ಟರ್ ಚಾರ್ಜ್‌ಶೀಟ್‌ವರೆಗೂ ಅಲ್ಲೇ ಇದ್ನಾ, ನಡುವೆ ಎತ್ತಂಗಡಿ ಆಯ್ತಾ ಅಂತ ನೋಡ್ತೀನಿ. ಲೋಕಾಯುಕ್ತ ಪೊಲೀಸರು ಅಂದ್ರೆ ಅವರೂ ರಾಜ್ಯ ಪೊಲೀಸರೇ, ಕೆಲ ವರ್ಷ ಇಲ್ಲಿ ಬಂದು ಮತ್ತೆ ಅದೇ ಇಲಾಖೆಗೆ ಪೋಸ್ಟಿಂಗ್ ಕೇಳ್ಕೊಂಡು ಹೋಗಬೇಕಾದೋರು. ಮುಡಾ ಅಂದ್ರೆ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರದ ಸೈಟ್ ಕೇಸಲ್ಲಿ ಆಗ ಮುಖ್ಯಮಂತ್ರಿ ಆಗಿದ್ದ ಸಿದ್ದರಾಮಯ್ಯ ಮೇಲೆ ಮೈಸೂರು ಲೋಕಾಯುಕ್ತ ಪೊಲೀಸರು ತನಿಖೆ ಮಾಡಿ 2025ರ ಫೆಬ್ರವರಿಯಲ್ಲಿ ಸಾಕ್ಷಿ ಇಲ್ಲ ಅಂದ್ರು. ಸಂಸ್ಥೆಯ ಸ್ವಾತಂತ್ರ್ಯದ ಮೇಲೆ ಅನುಮಾನ ಪಡೋ ಅಗತ್ಯ ಇಲ್ಲ ಅಂತ ಹೈಕೋರ್ಟು ಸಿಬಿಐಗೆ ಕೊಡೋಕೆ ಒಪ್ಪಿರಲಿಲ್ಲ. ಆ ತನಿಖೆ ಪ್ರಾಮಾಣಿಕವಾಗೇ ಆಗಿರಬಹುದು, ಅದರ ಬಗ್ಗೆ ನಾನು ಮಾತಾಡಲ್ಲ, ಆದ್ರೆ ತನ್ನ ಮುಂದಿನ ಪೋಸ್ಟಿಂಗ್ ಕೊಡೋ ಸರ್ಕಾರದ ಮುಖ್ಯಸ್ಥನನ್ನ ತನಿಖೆ ಮಾಡು ಅಂತ ಒಬ್ಬ ಎಸ್‌ಪಿಗೆ ಹೇಳೋ ವ್ಯವಸ್ಥೆಯಲ್ಲಿ ಕ್ಲೀನ್ ಚಿಟ್ ಪಡೆದೋರಿಗೂ ನಷ್ಟನೇ, ಯಾರೂ ನಂಬಲ್ಲ.

ಈಗ ನಿಮ್ಮ 15 ಸಾವಿರ. ದೂರು ಕೊಡಿ. ಕೊಡದೇ ದುಡ್ಡು ಕೊಟ್ಟು ಕೆಲಸ ಮಾಡಿಸ್ಕೊಂಡ್ರೆ 2018ರ ನಂತರ ಕೊಟ್ಟೋರದ್ದೂ ಅಪರಾಧ. ಬಲವಂತಕ್ಕೆ ಕೊಟ್ಟಿದ್ರೆ ಏಳು ದಿನದ ಒಳಗೆ ತಿಳಿಸಬೇಕು, ಮೊದಲೇ ತಿಳಿಸಿ ಟ್ರ್ಯಾಪಿಗೋಸ್ಕರ ಕೊಟ್ರೆ ನಿಮಗೆ ರಕ್ಷಣೆ ಇದೆ. ಹಾಸನದಲ್ಲೇ ಲೋಕಾಯುಕ್ತ ಪೊಲೀಸ್ ಕಚೇರಿ ಇದೆ, ಅಲ್ಲಿಗೆ ನೀವೇ ಹೋಗಿ, ಮಧ್ಯವರ್ತಿ ಬೇಡ, ಲೋಕಾಯುಕ್ತದಲ್ಲಿ ನಂಗೆ ಗೊತ್ತಿರೋರಿದಾರೆ ಅನ್ನೋನಂತೂ ಬೇಡವೇ ಬೇಡ. ಹೋಗೋಕೆ ಮುಂಚೆ ಲಂಚ ಕೇಳಿದ ಮನುಷ್ಯನ ಜೊತೆ ಚೌಕಾಸಿ ಮಾಡಿ ಸಿಟ್ಟು ಮಾಡ್ಕೋಬೇಡಿ, ಫೋನಲ್ಲಿ ಮಾತಾಡಿದ್ರೆ ರೆಕಾರ್ಡ್ ಮಾಡಿಟ್ಕೊಳ್ಳಿ, ಬಾಯಿಂದ ಹಣ ಕೇಳಿದ್ದು ಅಂದ್ರೆ ಬೇಡಿಕೆ ಅನ್ನೋದೇ ಈ ಕೇಸುಗಳ ಜೀವ. ನೋಟಿನ ನಂಬರ್ ಬರ್ಕೊಂಡು ಫಿನಾಫ್ತಲೀನ್ ಪುಡಿ ಹಚ್ಚಿ ಕೊಡ್ತಾರೆ, ಜೊತೆಗೆ ಒಬ್ಬ ಸಾಕ್ಷಿ ಬರ್ತಾನೆ, ಲಂಚ ತಗೊಂಡೋನ ಕೈನ ವಾಷಿಂಗ್ ಸೋಡಾ ಕದಡಿದ ನೀರಲ್ಲಿ ಅದ್ದಿದ್ರೆ ನೀರು ಗುಲಾಬಿ ಆಗತ್ತೆ. ಆದ್ರೆ ಗುಲಾಬಿ ನೀರೊಂದೇ ಸಾಲಲ್ಲ, ಕೇಳಿದ್ದ ಅಂತ ಸಾಬೀತಾಗಬೇಕು.

ಆಮೇಲೆ ಮೂರೋ ನಾಲ್ಕೋ ವರ್ಷಕ್ಕೆ ಕೋರ್ಟಿಂದ ಸಮನ್ಸ್ ಬರತ್ತೆ, ಅಷ್ಟೊತ್ತಿಗೆ ಖಾತೆ ಆಗಿರತ್ತೆ, ಆ ಮನುಷ್ಯನ ಕಡೆಯೋರು ಮನೆಗೆ ಬಂದು ಮಕ್ಕಳು ಮರಿ ಇದಾವೆ ಅಂತ ಅತ್ತಿರ್ತಾರೆ. ನಾನು ಕೋರ್ಟಲ್ಲಿ ನೋಡಿದ ಖುಲಾಸೆಗಳಲ್ಲಿ ಬಹಳಷ್ಟು ಬರೋದು ಆ ದಿನದಿಂದಲೇ, ದೂರುದಾರನೇ ಕಟಕಟೆಯಲ್ಲಿ ನಿಂತು ನಂಗೇನೂ ನೆನಪಿಲ್ಲ ಸ್ವಾಮಿ ಅಂದುಬಿಡ್ತಾನೆ. 2022ರ ಡಿಸೆಂಬರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ದೂರುದಾರ ಸತ್ತು ಹೋಗಿದ್ರೂ ತಿರುಗಿ ಬಿದ್ರೂ ಬೇರೆ ಸಾಕ್ಷಿ ಸಂದರ್ಭದಿಂದ ಬೇಡಿಕೆ ಸಾಬೀತು ಮಾಡಬಹುದು ಅಂತ ಹೇಳಿದೆ, ಅದು ಸ್ವಲ್ಪ ಅನುಕೂಲ ಆಗಿದೆ, ಆದ್ರೆ ಆಗಲೂ ನಿಮ್ಮ ಮಾತಿನಷ್ಟು ಗಟ್ಟಿ ಸಾಕ್ಷಿ ಬೇರೆ ಇರಲ್ಲ. ಟ್ರ್ಯಾಪಿಗೆ ಕೊಡೋ ದುಡ್ಡು ನೀವೇ ತರಬೇಕು, ಅದು ಮುದ್ದೆಮಾಲು, ಅಂದ್ರೆ ಕೇಸಿನ ಸಾಕ್ಷಿ ವಸ್ತು ಆಗಿ ಕೂರತ್ತೆ, ವಾಪಸ್ ಹೇಗೆ ಯಾವಾಗ ಅಂತ ಮೊದಲ ದಿನವೇ ಇನ್‌ಸ್ಪೆಕ್ಟರ್ ಹತ್ರ ಕೇಳಿಟ್ಕೊಳ್ಳಿ. ದೂರಿನ ಪ್ರತಿ, ಎಫ್‌ಐಆರ್ ಪ್ರತಿ ಎರಡೂ ಇಸ್ಕೊಳ್ಳಿ. ಖಾತೆ ಅರ್ಜಿಯ ಸ್ವೀಕೃತಿ ಚೀಟಿ ಇನ್ನೂ ತಗೊಂಡಿಲ್ಲದಿದ್ರೆ ನಾಳೆ ಬೆಳಗ್ಗೆ ಮೊದಲು ಅದನ್ನ ತಗೊಳ್ಳಿ, ಅರ್ಜಿನೇ ಬಂದಿಲ್ಲ ಅಂತ ಶುರು ಮಾಡಿದ್ರೆ ಕೇಸು ಅಲ್ಲಿಂದಲೇ ಸಡಿಲ ಆಗತ್ತೆ.